ಕಣ್ಣಿಗೊತ್ತಿಕೊಳ್ಳದ ಕೈ

ನನ್ನ ಕೈಕಾಲು ಶುದ್ಧವಾಗಿವೆ ಎಂದು ಒಂದು ಯಂತ್ರ ಒಪ್ಪುವ ತನಕ ಈ ಊರಿನಲ್ಲಿ ನನಗೆ ಮಧ್ಯಾಹ್ನದ ಊಟವಿಲ್ಲ. ಅಣು ರಿಯಾಕ್ಟರ್ ಹಾಲ್‌ನಿಂದ ಹೊರಡುವ ಬಾಗಿಲಲ್ಲಿ ಅದು ನಿಂತಿದೆ. ಅಂಗೈ ಒಳಗಿಟ್ಟು, ಪಾದ ಒತ್ತಿ ನಿಲ್ಲಬೇಕು. ಹಸಿರು ದೀಪ ಬಂದರೆ ಬಾಗಿಲು ತೆರೆಯುತ್ತದೆ. ಚನ್ನಗಿರಿಯಲ್ಲಿ ಊಟಕ್ಕೆ ಮುಂಚೆ ಕೈ ತೊಳೆದೆಯಾ ಎಂದು ಕೇಳಲು ಅವ್ವ ಇದ್ದಳು. ಜರ್ಮನಿಯಲ್ಲಿ ಆ ಕೆಲಸಕ್ಕೆ ಯಂತ್ರವನ್ನೇ ಇಟ್ಟಿದ್ದಾರೆ.

ಅಣುವಿಜ್ಞಾನದಲ್ಲಿ ಎಂ.ಎಸ್ಸಿ. ಮಾಡುವ ಹೆಣ್ಣುಮಕ್ಕಳಿಗೆಂದೇ ಇರುವ ಸ್ಕಾಲರ್‌ಶಿಪ್ ನನ್ನನ್ನು ಇಲ್ಲಿಗೆ ತಂದಿತು. ಫೀಸು, ಬಾಡಿಗೆ, ಊಟ ಎಲ್ಲ ಅದರದೇ. ಸುದ್ದಿ ಹಬ್ಬಿದ ದಿನ ಅವ್ವನ ಟೈಲರಿಂಗ್ ಅಂಗಡಿಗೆ ಬ್ಲೌಸ್ ಕೊಡಲು ಬಂದ ಹೆಂಗಸೊಬ್ಬರು ಗಾಬರಿಯಾಗಿದ್ದರು. "ನಿಮ್ ಹುಡುಗಿ ಬಾಂಬ್ ಮಾಡಾಕೆ ಹೊಂಟಾಳಂತಲ್ರೀ!" ಅವ್ವ ತಲೆ ಎತ್ತಲಿಲ್ಲ. "ಬಾಂಬಲ್ರೀ, ಕ್ಯಾನ್ಸರಿಗೆ ಔಷಧಿ ಮಾಡದು ಕಲಿಯಾಕೆ. ತೋಳು ಎಷ್ಟುದ್ದ ಇಡ್ಲಿ?" ಎಂದಳು.

ಇಲ್ಲಿ ಮೊದಲು ಕಲಿತ ಪದ 'ರೂಯೆ'. ಹಾಗೆಂದರೆ ಸದ್ದಿಲ್ಲದಿರುವುದು. ಭಾನುವಾರವಿಡೀ ರೂಯೆ. ನಾನೋ, ಮೊದಲ ಭಾನುವಾರವೇ ಜೋಳದ ರೊಟ್ಟಿ ತಟ್ಟಲು ಕೂತೆ. ಅವ್ವನ ತವರು ಜಗಳೂರು ಕಡೆಯ ಸೊಕ್ಕೆ, ನನಗೆ ರೊಟ್ಟಿಯಿಲ್ಲದೆ ಆಗದು. ಎರಡು ರೊಟ್ಟಿ ಆಗುವಷ್ಟರಲ್ಲಿ ಕೆಳಮನೆಯ ಮುದುಕರು ಬಾಗಿಲು ಬಡಿದರು. ಸೊಕ್ಕೆಯಲ್ಲಿ ರೊಟ್ಟಿ ಬಡಿಯುವ ಸದ್ದು ಕೇಳದಿದ್ದರೆ ಮನೆಯಲ್ಲಿ ಯಾರಿಗೆ ಹುಷಾರಿಲ್ಲ ಎಂದು ವಿಚಾರಿಸುತ್ತಾರೆ, ಇಲ್ಲಿ ಕೇಳಿಸಿದ್ದಕ್ಕೆ ವಿಚಾರಿಸಿದರು. ಈಗ ಶನಿವಾರವೇ ತಟ್ಟಿಡುತ್ತೇನೆ.

ರಿಯಾಕ್ಟರ್ ನೋಡಿದ ಮೊದಲ ದಿನ ಮಾತ್ರ ನನ್ನ ಬುದ್ಧಿ ನನ್ನ ಹತ್ತಿರ ಇರಲಿಲ್ಲ. ಕಲಿಸುವವರು ಫ್ರಾವ್ ಬ್ರಾಂಟ್, ಬಲು ಗಟ್ಟಿ ಹೆಂಗಸು. 'ಫ್ರಾವ್' ಎಂದರೆ ನಮ್ಮಲ್ಲಿ ಮೇಡಂ ಅಂದಂತೆ. ಅವರ ಹಿಂದೆ ಮೆಟ್ಟಿಲು ಹತ್ತಿ ಕಂಬಿಯ ಮೇಲೆ ಬಾಗಿದೆ. ನಮ್ಮೂರ ಹತ್ತಿರದ ಸೂಳೆಕೆರೆಯ ಏರಿಯ ಮೇಲೆ ನಿಂತರೆ ಕಣ್ಣು ಹಾಯುವಷ್ಟೂ ನೀರು, ಆದರೆ ಮೊಳದಾಚೆ ಆಳ ಕಾಣದು. ಇಲ್ಲಿ ಬಾವಿಯಷ್ಟೇ ನೀರು, ಅದರ ತಳದಲ್ಲಿ ರಿಯಾಕ್ಟರ್, ಅಲ್ಲಿಯವರೆಗೂ ತಿಳಿ. ಆ ತಳದಲ್ಲಿ ನೀಲಿ! ಬೆಂಕಿಯಲ್ಲ, ದೀಪವಲ್ಲ, ನೀರೇ ಬೆಳಗುತ್ತಿತ್ತು. ಅಯ್ಯೋ ದೇವರೇ, ಪುಸ್ತಕದಲ್ಲಿ ನೂರು ಸಲ ಓದಿದ್ದರೂ ಹೀಗಿರುತ್ತದೆಂದು ಯಾರೂ ಹೇಳಿರಲಿಲ್ಲ. ನನ್ನ ಕೈ ತಾನಾಗಿ ಕಂಬಿ ಮುಟ್ಟಿ ಕಣ್ಣಿಗೊತ್ತಿಕೊಂಡಿತು.

"ಹಾಲ್ಟ್!" ಎಂದು ತಡೆದರು ಫ್ರಾವ್ ಬ್ರಾಂಟ್.

ಆ ಹಾಲ್‌ನಲ್ಲಿ ಏನನ್ನೇ ಮುಟ್ಟಿದ ಕೈ ಮುಖಕ್ಕೆ ಹೋಗಕೂಡದು. ಕಣ್ಣಿಗೆ ಕಾಣದ ವಿಕಿರಣದ ಧೂಳು ಮೈಯೊಳಗೆ ಸೇರೀತೆಂಬ ಭಯ. ನನ್ನನ್ನು ಹೊರಗೆ ಕರೆದೊಯ್ದು ಕೈ, ಕಣ್ಣು, ಮೂಗು ಎಲ್ಲ ಪರೀಕ್ಷಿಸಿದರು. ಏನೂ ಆಗಿರಲಿಲ್ಲ. ಯಾಕೆ ಹಾಗೆ ಮಾಡಿದಿರಿ ಎಂದು ಕೇಳಿದರು. ನಮ್ಮಲ್ಲಿ ದೊಡ್ಡದೆನಿಸಿದ್ದನ್ನು, ಅನ್ನ ಕೊಡುವ ಸಾಮಾನನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತೇವೆ, ಅವ್ವ ದಿನಾ ಹೊಲಿಗೆ ಮಿಷಿನ್‌ಗೆ ಹಾಗೆ ಮಾಡಿಯೇ ಪೆಡಲ್ ತುಳಿಯುವುದು ಎಂದೆ. ಅವರು ನಗಲಿಲ್ಲ.

"ಚೆನ್ನಾಗಿದೆ. ಆದರೆ ಇನ್ನೊಮ್ಮೆ ಹೀಗಾದರೆ ನಿಮ್ಮನ್ನು ಒಳಗೆ ಬಿಡುವುದಿಲ್ಲ."

ಒಳಗೆ ಬಿಡದಿದ್ದರೆ ಪ್ರಾಕ್ಟಿಕಲ್ ಇಲ್ಲ, ಪ್ರಾಕ್ಟಿಕಲ್ ಪಾಸಾಗದಿದ್ದರೆ ಎರಡನೇ ವರ್ಷದ ಸ್ಕಾಲರ್‌ಶಿಪ್ ಇಲ್ಲ, ಗಂಟುಮೂಟೆ ಕಟ್ಟಿ ಊರಿಗೆ. ಹುಟ್ಟಿದಾಗಿನಿಂದ ಕಣ್ಣಿಗೊತ್ತಿಕೊಂಡೇ ಬಂದ ಕೈಯನ್ನು ಹೇಗೆ ತಡೆಯುವುದು? ನಮ್ಮೂರ ಹೆಡ್‌ಮಾಸ್ಟರ ಹಾಗೆ ಕೈ ಹಿಂದೆ ಕಟ್ಟಿಕೊಂಡು ನಡೆಯುವುದನ್ನು ರೂಢಿ ಮಾಡಿಕೊಂಡೆ. ಪುಸ್ತಕ ಕೆಳಗೆ ಬಿದ್ದರೂ ಸುಮ್ಮನೆ ಎತ್ತಿಟ್ಟೆ.

ಪರೀಕ್ಷೆಯ ದಿನ ರಿಯಾಕ್ಟರನ್ನು ನಾನೇ ಶುರು ಮಾಡಬೇಕಿತ್ತು. ಅದನ್ನು ತಡೆಹಿಡಿದಿರುವ ಸರಳುಗಳನ್ನು ಗುಂಡಿ ಒತ್ತಿ ಒಂದೊಂದಾಗಿ ಮೇಲೆತ್ತಬೇಕು. "ಲಾಂಗ್‌ಸಾಮ್," ನಿಧಾನ, ಎಂದರು ಫ್ರಾವ್ ಬ್ರಾಂಟ್. ನಿಧಾನವಾಗಿ ಎತ್ತಿದೆ. ಮುಗಿಸಿ ಮೆಟ್ಟಿಲು ಹತ್ತಿ ಬಗ್ಗಿದರೆ ಕೆಳಗೆ ಅದೇ ನೀಲಿ. ಈ ಸಲ ನಾನು ಎಬ್ಬಿಸಿದ್ದು! ಮೈಯೆಲ್ಲ ಜುಮ್ಮೆಂದಿತು, ಕಣ್ಣೀರು ಕೆನ್ನೆಗಿಳಿಯಿತು. ಒರೆಸಿಕೊಳ್ಳುವಂತಿಲ್ಲ. ಕೈ ಹಿಂದೆ ಬಿಗಿದುಕೊಂಡು, ಗಲ್ಲದಿಂದ ತೊಟ್ಟಿಕ್ಕುವವರೆಗೂ ಹಾಗೇ ನಿಂತೆ. ಫ್ರಾವ್ ಬ್ರಾಂಟ್ ನೋಡಿದರು, ಪಾಸ್ ಎಂದು ಬರೆದು ಸಹಿ ಹಾಕಿದರು.

ಕೋಣೆಗೆ ಬಂದು ಅಂಗಡಿಗೆ ಫೋನ್ ಮಾಡಿದೆ. ಅವ್ವ ಮೊದಲು ಕೇಳಿದ್ದು ಇದನ್ನೇ: "ಶುರು ಮಾಡಾಕೆ ಮುಂಚೆ ಮುಟ್ಟಿ ಕಣ್ಣಿಗೆ ಒತ್ಕಂಡ್ಯೇನೇ?"

"ಇಲ್ಲವ್ವ. ಇಲ್ಲಿ ಹಂಗ್ ಮಾಡಂಗಿಲ್ಲ."

"ಹೋಗ್ಲಿ ಬಿಡು. ಬೆಳಿಗ್ಗೆ ನಾನು ಮಿಷಿನ್ ಮುಟ್ಟಿ ನಿಂದೂ ಸೇರ್ಸಿ ಎಲ್ಡು ಸಲ ಒತ್ಕಂಡೀನಿ. ಪಾಸಾತಾ?"

"ಆತವ್ವ."

"ಹಂಗಾರೆ ಊರಿಗೆ ಬರ್ತೀಯಲ್ಲ ಈಗ!"

ಪಾಸಾದವರಿಗೆ ಈ ಬೇಸಿಗೆ ರಜೆಯಿಲ್ಲ, ಮುಂದಿನ ವಾರದಿಂದಲೇ ರಿಯಾಕ್ಟರ್ ಕೆಲಸ. ಫೇಲಾಗಿದ್ದರೆ ಮನೆಗೆ ಹೋಗುತ್ತಿದ್ದೆ. ಇದನ್ನು ಹೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅವ್ವ ಫೋನು ಕೈಯಲ್ಲಿ ಹಿಡಿದೇ ಬೀದಿಗೆ ಇಳಿದಿದ್ದಳು. ಪಕ್ಕದಂಗಡಿಯವರಿಗೆ, ದಾವಣಗೆರೆ ಬಸ್ಸಿಗೆ ನಿಂತವರಿಗೆಲ್ಲ ಕೂಗಿ ಹೇಳುತ್ತಿದ್ದಳು: "ನನ್ ಮಗಳು ಪಾಸಾದ್ಳು ಕಣ್ರೀ, ಬರ್ತಾಳೆ!"