ಬಾಯಮ್ಮನ ಮನೆಯ ಹಸಿ ಎಲೆ

ಕಾರ್ಕಳದಿಂದ ಉಡುಪಿಗೆ ಬರುವ ಬಸ್ಸಿನಲ್ಲಿ ಮೊನ್ನೆ ಪಕ್ಕದಲ್ಲಿ ಕುಳಿತ ಅಜ್ಜಿಯೊಬ್ಬರ ಸೀರೆಯಿಂದ ಹೊಗೆಸೊಪ್ಪಿನ ಪುಡಿಯ ವಾಸನೆ ಬಂತು. ಬೀಡಿ ಸೇದುವವರ ವಾಸನೆ ಬೇರೆ, ಕಟ್ಟುವವರ ವಾಸನೆ ಬೇರೆ. ಇದು ಎಷ್ಟು ಒಗೆದರೂ ಬಟ್ಟೆ ಬಿಟ್ಟು ಹೋಗದ, ಮೂಗಿನೊಳಗೆ ಸಣ್ಣಗೆ ತುರಿಸುವ ಘಾಟು. ಎದುರು ಸೀಟಿನ ಹುಡುಗಿ ಕರ್ಚೀಫು ಹಿಡಿದುಕೊಂಡಳು. ನನಗೆ ಮಾತ್ರ ಆ ಅಜ್ಜಿಯ ಹೆಗಲಿಗೆ ಒರಗಿ ಸ್ವಲ್ಪ ಹೊತ್ತು ಕೂರಬೇಕೆನಿಸಿತು. ನಮ್ಮ ಬಾಯಮ್ಮನ ಮಗ್ಗುಲಲ್ಲಿ ಕೂತರೆ ಹೀಗೆಯೇ ಇರುತ್ತಿತ್ತು...

ಕಾಪುವಿನಲ್ಲಿ ನಮ್ಮ ಮನೆಗೂ ಅವರ ಮನೆಗೂ ನಡುವೆ ಇದ್ದದ್ದು ಒಂದು ಬಾವಿ ಮಾತ್ರ. ಕ್ರಿಶ್ಚಿಯನ್ ಹೆಂಗಸರನ್ನು ನಮ್ಮ ಕಡೆ ಬಾಯಮ್ಮ ಎನ್ನುವುದು ವಾಡಿಕೆ. ಊರಿನಲ್ಲಿ ಅಂಥವರು ಹಲವರಿದ್ದರೂ ಬರಿದೇ ಬಾಯಮ್ಮ ಎಂದರೆ ಎಲ್ಲರಿಗೂ ಇವರೇ. ಮನೆಯಲ್ಲಿ ಕೊಂಕಣಿ, ನಮ್ಮೊಡನೆ ತುಳು, ಯೂನಿಯನ್ ಸಭೆಯಲ್ಲಿ ಮಾತ್ರ ಇಸ್ತ್ರಿ ಹಾಕಿದಂಥ ಕನ್ನಡ. ಬೀಡಿ ಯೂನಿಯನ್ನಿನ ನಮ್ಮೂರ ಘಟಕಕ್ಕೆ ಅವರೇ ಮುಂದಾಳು. ಬೈಯುವುದರಲ್ಲಿ ಎತ್ತಿದ ಕೈ. ಆದರೆ ಅವರ ಬೈಗುಳ ತಿಂದವರೇ ಮರುದಿನ ಕಷ್ಟ ಹೇಳಿಕೊಳ್ಳಲು ಅವರ ಜಗಲಿಗೆ ಬರುತ್ತಿದ್ದರು.

ನಾನಾಗ ಮಣಿಪಾಲದ ಒಂದು ಝೆರಾಕ್ಸ್ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ಅಂಗಡಿಯ ಎದುರು ರಸ್ತೆಯ ಬದಿಯಲ್ಲಿ ಖಾಸಗಿ ಹಾಸ್ಟೆಲುಗಳ ನೆಲ ಒರೆಸುವ, ಪಾತ್ರೆ ತೊಳೆಯುವ ಹೆಂಗಸರು ಧರಣಿ ಕುಳಿತಿದ್ದರು. ಅವರೆಲ್ಲ ಗುತ್ತಿಗೆಯವರು. ಊರಲ್ಲಿ ವರ್ಷವರ್ಷವೂ ಹೊಸ ಕಟ್ಟಡ ಏಳುತ್ತಿತ್ತು, ಕೋಣೆಯ ಬಾಡಿಗೆ ಏರುತ್ತಿತ್ತು, ಇವರ ಸಂಬಳ ಮಾತ್ರ ಎಲ್ಲಿತ್ತೋ ಅಲ್ಲೇ. ತಾವು ದಿನವೂ ಒರೆಸುವ ಕೋಣೆಯಲ್ಲಿ ತಮ್ಮ ಮಗಳನ್ನು ಒಂದು ತಿಂಗಳು ಇರಿಸುವಷ್ಟೂ ತಮಗೆ ಸಿಗುವುದಿಲ್ಲ ಎಂದು ಅವರಲ್ಲೊಬ್ಬಳು ನನ್ನೊಡನೆ ಹೇಳಿದ್ದಳು. ದಾರಿಹೋಕರು ನೋಡಿಯೂ ನೋಡದಂತೆ ಕಾಫಿ ಕುಡಿಯಲು ಹೋಗುತ್ತಿದ್ದರು. ನನಗೆ ಮೈ ಉರಿಯುತ್ತಿತ್ತು, ಆದರೆ ನನ್ನ ಉರಿ ಯಾರಿಗೆ ಬೇಕು? ಸಂಜೆ ಬಂದು ಬಾವಿಕಟ್ಟೆಯಲ್ಲಿ ಬಾಯಮ್ಮನಿಗೆ ಎಲ್ಲವನ್ನೂ ಹೇಳಿದೆ. ಅವರು ಕೊಡಪಾನ ಕೆಳಗಿಟ್ಟು ಕೇಳಿದರು.

ಮುಂದಿನ ಭಾನುವಾರವೇ ಶಾಲೆಯ ಜಗಲಿಯಲ್ಲಿ ಸಭೆ ಸೇರಿತು. ಒಂದು ದಿನ ಬೀಡಿ ಕಟ್ಟದೆ, ಎಲ್ಲರೂ ಮಣಿಪಾಲಕ್ಕೆ ಹೋಗಿ ಆ ಹೆಂಗಸರ ಜೊತೆ ಜಿಲ್ಲಾಧಿಕಾರಿ ಕಚೇರಿವರೆಗೆ ನಡೆಯುವುದು ಎಂದು ಬಾಯಮ್ಮ ಹೇಳಿದರು. ಗುಸುಗುಸು ಎದ್ದಿತು. ನಮಗೇ ವಾರದಲ್ಲಿ ಅರ್ಧದಷ್ಟು ದಿನ ಎಲೆ ಸಿಗುವುದಿಲ್ಲ, ಹಾಸ್ಟೆಲಿನವರ ಜಗಳಕ್ಕೆ ನಾವು ಯಾಕೆ ಗಂಜಿ ಕಳೆದುಕೊಳ್ಳಬೇಕು ಎಂದು ಕೇಳಿದವರೇ ಹೆಚ್ಚು. ತಪ್ಪೇನೂ ಇರಲಿಲ್ಲ ಆ ಪ್ರಶ್ನೆಯಲ್ಲಿ.

"ನಮ್ಮ ಮುಷ್ಕರದಲ್ಲಿ ಮೀನಿನ ಹೆಂಗಸರು ಬುಟ್ಟಿ ತುಂಬ ಬಂಗುಡೆ ತಂದುಹಾಕಿ ಹೋದರಲ್ಲ, ಅವರಿಗೆ ಬೀಡಿಯಲ್ಲಿ ಎಂತ ಇತ್ತು?" ಎಂದರು ಬಾಯಮ್ಮ. "ಎಂತದೂ ಇರ್ಲಿಲ್ಲ. ತಿಂದದ್ದು ನಾವು. ಈಗ ನಮ್ಮ ಸರದಿ ಬಂದಾಗ ಬಾಯಿ ಒರೆಸಿಕೊಂಡು ಕೂರುದಾ?"

ಎಲ್ಲರೂ ಕೈ ಎತ್ತಿದರು. ಆದರೆ ಬೀಡಿಯವರಲ್ಲಿ ಕೈ ಎತ್ತಿದ್ದಕ್ಕೆ ಬೆಲೆಯಿಲ್ಲ. ಮುಷ್ಕರ ಗೆದ್ದಿತೋ ಬಿದ್ದಿತೋ ಎಂದು ಗೊತ್ತಾಗುವುದು ಹಿಂದಿನ ಸಂಜೆ. ಬೀಡಿಯ ಎಲೆಯನ್ನು ಮೊದಲೇ ನೀರಿಗೆ ಹಾಕಿ, ಒದ್ದೆ ಗೋಣಿಯಲ್ಲಿ ಸುತ್ತಿಟ್ಟರೆ ಮಾತ್ರ ಬೆಳಿಗ್ಗೆ ಮೆತ್ತಗಾಗಿ ಕತ್ತರಿಗೆ ಬಗ್ಗುತ್ತದೆ. ನೆನೆಸಿದ ಮೇಲೆ ತಡಮಾಡುವಂತಿಲ್ಲ, ಬೂಸ್ಟು ಬಂದು ಕಪ್ಪು ಚುಕ್ಕೆ ಬೀಳುತ್ತದೆ. ಹಾಗಾಗಿ ಎಲೆ ನೆನೆಸಿದವಳು ನಾಳೆ ಕಟ್ಟುವವಳು ಎಂದೇ ಲೆಕ್ಕ. ಆ ಸಂಜೆ ಹೆಂಗಸರು ಉಪ್ಪು ಕೇಳುವ ನೆಪದಲ್ಲಿ ಒಬ್ಬರ ಮನೆಗೊಬ್ಬರು ಹೋಗಿ ಗೋಣಿ ಒದ್ದೆಯಿದೆಯೇ ಎಂದು ನೋಡಿ ಬರುತ್ತಿದ್ದರು. ಒಂದು ಮನೆಯಲ್ಲಿ ಹಸಿ ಎಲೆ ಕಂಡರೆ ಕತ್ತಲಾಗುವುದರೊಳಗೆ ಊರೆಲ್ಲ ನೆನೆಸಿಬಿಡುತ್ತಿತ್ತು.

ಮಣಿಪಾಲಕ್ಕೆ ಹೊರಡುವ ಹಿಂದಿನ ಸಂಜೆ ಅಮ್ಮ ಬೀಡಿ ಕಂಪೆನಿಯ ಬ್ರಾಂಚಿಗೆ ಕಟ್ಟಿದ ಬೀಡಿ ಕೊಟ್ಟು, ಹೊಸ ಎಲೆ ತಂದವಳು, ಎಂದಿನಂತೆ ಸೀದಾ ಬಾವಿಕಟ್ಟೆಗೆ ಹೋಗಿ ಕಟ್ಟು ಬಿಚ್ಚಿ ನೀರಿಗೆ ಹಾಕಿದಳು. ಮದುವೆಯಾಗಿ ಬಂದಲ್ಲಿಂದ ಮಾಡಿದ ಕೆಲಸ, ಕೈ ತನ್ನಷ್ಟಕ್ಕೆ ಮಾಡಿತು. ನಾನು ರಜೆ ಹಾಕಿ ಮನೆಯಲ್ಲಿದ್ದೆ, ನೋಡುತ್ತಲೇ ಇದ್ದೆ, ನನಗೂ ಹೊಳೆಯಲಿಲ್ಲ. ಬಾಯಮ್ಮನ ಒಣ ಗೋಣಿ ಹಗ್ಗದ ಮೇಲೆ ಗಾಳಿಗೆ ಹಾರುವುದನ್ನು ಕಂಡಾಗಲೇ ಅಮ್ಮ ಅಯ್ಯೋ ಎಂದದ್ದು.

ಅಮ್ಮ ಬ್ರಾಂಚಿನ ಕಂಟ್ರಾಕ್ಟರರ ತಂಗಿ. ನಮ್ಮ ಮನೆಯ ಮೇಲೆ ಊರಿಗೆ ಮೊದಲೇ ಒಂದು ಕಣ್ಣು. ಅಲ್ಲಿ ಒದ್ದೆ ಗೋಣಿ ಕಂಡರೆ ಮರೆವು ಎಂದು ಯಾರು ನಂಬುತ್ತಾರೆ? ಅಣ್ಣ ಹೇಳಿಕೊಟ್ಟ, ತಂಗಿ ಮಾಡಿದಳು, ಮುಗಿಯಿತು ಕತೆ. ಅಮ್ಮ ಅಳತೊಡಗಿದಳು. ಎಸೆಯೋಣವೆಂದರೆ ಬ್ರಾಂಚಿನವರು ತೂಗಿ ಕೊಟ್ಟ ಎಲೆಗೆ ತಕ್ಕಷ್ಟು ಬೀಡಿ ಕೊಡಲೇಬೇಕು.

ಬಾಯಮ್ಮ ಬಾವಿಯ ಆಚೆಯಿಂದ ಎಲ್ಲವನ್ನೂ ನೋಡಿ ಬಂದರು. ಆವತ್ತು ಬೈಯಲಿಲ್ಲ. ತಮ್ಮ ಒಣ ಎಲೆಯ ಕಟ್ಟನ್ನು ತಂದು ಅಮ್ಮನ ಮುಂದೆ ಇಟ್ಟರು, ಹಸಿ ಎಲೆಯನ್ನು ಗೋಣಿಯಲ್ಲಿ ಸುತ್ತಿ ಕಂಕುಳಿಗೆ ಏರಿಸಿದರು.

"ಇದು ನನಗಿರಲಿ. ನನ್ನ ಮನೆಯಲ್ಲಿ ಯಾರು ಹುಡುಕ್ತಾರೆ ಮಾರಾಯ್ತಿ? ನೀನು ನಾಳೆ ಒಳ್ಳೆ ಸೀರೆ ಉಟ್ಟುಕೊಂಡು ಬಾ, ಎದುರಲ್ಲೇ ನಡೆಯಬೇಕು."

ಮರುದಿನ ನಮ್ಮೂರಿನಲ್ಲಿ ಒಂದು ಕತ್ತರಿಯೂ ಆಡಲಿಲ್ಲ. ಬಸ್ಸುಗಳಲ್ಲಿ ನಿಲ್ಲಲು ಜಾಗವಿರಲಿಲ್ಲ. ಮಣಿಪಾಲದ ಬಿಸಿಲಿನಲ್ಲಿ ಅಮ್ಮ ಬ್ಯಾನರಿನ ಒಂದು ತುದಿ ಹಿಡಿದು ನಡೆದಳು, ಕಂಟ್ರಾಕ್ಟರರ ತಂಗಿಯೇ ಬಂದಿದ್ದಾಳೆ ಎಂದು ಎಲ್ಲರೂ ತೋರಿಸಿ ಹೇಳಿದರು. ಧರಣಿಯ ಹೆಂಗಸರು ನಮ್ಮನ್ನು ಕಂಡು ಎದ್ದು ನಿಂತದ್ದು ನನಗಿನ್ನೂ ಕಣ್ಣಿಗೆ ಕಟ್ಟಿದೆ. ಅವರಿಗೆ ಕೇಳಿದ್ದೆಲ್ಲ ಸಿಗಲಿಲ್ಲ. ವಾರದ ರಜೆ ಸಿಕ್ಕಿತು, ಸಂಬಳ ಒಂದಿಷ್ಟು ಏರಿತು, ಧರಣಿ ಕೂತದ್ದಕ್ಕೆ ಕೆಲಸದಿಂದ ತೆಗೆದವರನ್ನು ಮತ್ತೆ ಸೇರಿಸಿಕೊಂಡರು.

ಆದರೆ ಹಸಿ ಎಲೆ ಕಾಯುವುದಿಲ್ಲವಲ್ಲ. ಬಾಯಮ್ಮ ಆ ಎಲೆಯಲ್ಲಿ ಆದಷ್ಟು ಒಳ್ಳೆಯದನ್ನು ಆರಿಸಿ ಕಟ್ಟಿ ಬ್ರಾಂಚಿಗೆ ಒಯ್ದರು. ದಾಟಿಹೋಗುತ್ತದೆ ಎಂದುಕೊಂಡಿದ್ದರೋ ಏನೋ... ಬೀಡಿ ಪರೀಕ್ಷಿಸುವವನು ಕಟ್ಟನ್ನು ಬೆಳಕಿಗೆ ಹಿಡಿದು ನಕ್ಕ. ಇದು ಮುಷ್ಕರದ ಹಿಂದಿನ ದಿನ ನೆನೆಸಿದ ಎಲೆ, ಯೂನಿಯನ್ ಬಾಯಮ್ಮನೇ ಮನೆಯಲ್ಲಿ ನೆನೆಸಿಟ್ಟಿದ್ದಾರೆ ನೋಡಿ ಎಂದು ಸಾಲಿನಲ್ಲಿದ್ದವರಿಗೆಲ್ಲ ಕೇಳುವಂತೆ ಹೇಳಿದ. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ? ಬೀಡಿ ಕಟ್ಟುವವರಿಗೆ ಆ ಕಪ್ಪು ಚುಕ್ಕೆಯ ಅರ್ಥ ಗೊತ್ತಿಲ್ಲದೆ ಇರುತ್ತದೆಯೇ? ಹಿಂದೆ ನಿಂತಿದ್ದ ಅಮ್ಮ ಬಾಯಿ ತೆರೆಯುವಷ್ಟರಲ್ಲಿ ಬಾಯಮ್ಮ ಹೌದು, ನನ್ನದೇ, ಎಂದುಬಿಟ್ಟರು.

ಮನೆಗೆ ಬರುವ ದಾರಿಯಲ್ಲಿ ಅಮ್ಮ ಜಗಳವಾಡಿದಳು. ಬಾಯಮ್ಮ ಹೇಳಿದ್ದಿಷ್ಟೆ: "ನಿನ್ನ ಹೆಸರು ಬಂದರೆ ಯೂನಿಯನ್ ಒಡೀತದೆ. ಇನ್ನೊಮ್ಮೆ ಯಾರನ್ನಾದರೂ ಕರೆದರೆ ಒಬ್ಬಳೂ ಬರುದಿಲ್ಲ. ನನ್ನ ಹೆಸರು ಬಂದರೆ ಹೋಗುವುದು ನಾನೊಬ್ಬಳು."

ಅಮ್ಮ ಕೇಳಲಿಲ್ಲ. ಮುಂದಿನ ಸಭೆಯಲ್ಲಿ ಎದ್ದು ನಿಂತು, ಆ ಎಲೆ ನೆನೆಸಿದ್ದು ನಾನು ಎಂದಳು. ಸಭೆಯೇ ಅವಳನ್ನು ಮಮತೆಯಿಂದ ನೋಡಿತು. ಬಿಸಿಲಲ್ಲಿ ಬ್ಯಾನರ್ ಹಿಡಿದು ನಡೆದವಳು ಎಲೆ ನೆನೆಸಿದ್ದಳೆಂದರೆ ಯಾರು ನಂಬುತ್ತಾರೆ? ನೆರೆಮನೆಯವಳನ್ನು ಉಳಿಸಲು ಹೇಳುತ್ತಿದ್ದಾಳೆ, ಪಾಪ, ಎಂದುಕೊಂಡರು. ಬಾಯಮ್ಮನೂ ಅಲ್ಲವೆಂದು ತಲೆಯಾಡಿಸಿದರು. ಮುಂದಾಳುತನ ಬೇರೆಯವರಿಗೆ ಹೋಯಿತು. ಜಗಲಿಗೆ ಕಷ್ಟ ಹೇಳಿಕೊಳ್ಳಲು ಬರುವವರು ಕಡಿಮೆಯಾದರು. ಬಾಯಮ್ಮ ಮಾತ್ರ ಸಾಯುವವರೆಗೂ ಒಂದು ಮೆರವಣಿಗೆಯನ್ನೂ ತಪ್ಪಿಸಲಿಲ್ಲ, ಕೊನೆಯ ಸಾಲಿನಲ್ಲಿ ಬಾವುಟ ಹಿಡಿದು ಬರುತ್ತಿದ್ದರು.

ಕಳೆದ ವರ್ಷ ಅವರು ತೀರಿಕೊಂಡರು. ಇಗರ್ಜಿಯ ಅಂಗಳದಲ್ಲಿ ಹಳೆಯ ಬೀಡಿ ಹೆಂಗಸರು ಬಂದು ಸೇರಿದ್ದರು. ಅಮ್ಮನಿಗೆ ಈಗ ನಡೆಯಲು ಕೋಲು ಬೇಕು. ಒಬ್ಬಾಕೆ ಕಣ್ಣೊರೆಸಿಕೊಳ್ಳುತ್ತಾ, ಚಿನ್ನದಂಥ ಮನಸ್ಸು, ಅದೊಂದು ಸಲ ಎಲೆ ನೆನೆಸದೆ ಇದ್ದಿದ್ದರೆ ಎಂದಳು. ಅಮ್ಮ ಕೋಲೂರಿ ಅವಳ ಎದುರು ನಿಂತು ಅದು ನನ್ನ ಎಲೆ ಎಂದಳು. ಆಕೆ ಅಮ್ಮನ ಕೈಯನ್ನು ಮೆಲ್ಲನೆ ತಟ್ಟಿದಳು.

"ಗೊತ್ತುಂಟು, ನೀವು ಆವತ್ತೂ ಹಾಗೆಯೇ ಹೇಳಿದ್ದು."

ನಾನು ಕಣ್ಣಾರೆ ಕಂಡಿದ್ದೇನೆ ಎಂದೆ. ಮಗಳಲ್ವಾ ಎಂದು ನಕ್ಕರು.

ಈಗ ಬ್ರಾಂಚು ಮುಚ್ಚಿದೆ. ಬಾಯಮ್ಮನ ಮನೆಯಲ್ಲಿ ಬೇರೆ ಯಾರೋ ಇದ್ದಾರೆ. ಆ ಹಾಸ್ಟೆಲುಗಳಲ್ಲಿ ನೆಲ ಒರೆಸುವವರಿಗೆ ತಮ್ಮ ವಾರದ ರಜೆ ಎಲ್ಲಿಂದ ಬಂತೆಂದು ಗೊತ್ತಿರಲಾರದು. ಬಾಯಮ್ಮ ಇಲ್ಲದ್ದು ನನಗೆ ಬಹಳ ನೋವು, ಸುಳ್ಳೊಂದನ್ನು ಹೊತ್ತುಕೊಂಡೇ ಹೋದರಲ್ಲ ಎಂಬುದು ಅದಕ್ಕಿಂತ ಹೆಚ್ಚಿನ ನೋವು. ಹಾಗಾಗಿ ಬರೆದಿಡುತ್ತಿದ್ದೇನೆ: ಆ ಎಲೆ ನಮ್ಮ ಮನೆಯದು, ನೆನೆಸಿದ್ದು ನನ್ನ ಅಮ್ಮ. ಅಲ್ಲ, ನನ್ನದೇ, ಎಂದು ನಡುವೆ ಬಾಯಿ ಹಾಕಲು ಬಾಯಮ್ಮ ಈಗ ಇಲ್ಲ.