ಮೂರು ಕಾರ್ಡು, ಒಂದು ನಂಬರು

ಅಣ್ಣ ಕೊನೆಯ ಸಲ ಕೆಲಸ ಮಾಡಿದ ದಿನ ನಾನೂ ಜೊತೆಗಿದ್ದೆ. ಗುಂಡ್ಲುಪೇಟೆಯಲ್ಲಿ ನಮ್ಮದು ಕಂಪ್ಯೂಟರ್ ರಿಪೇರಿ ಅಂಗಡಿ. ಅವತ್ತು ಬದನಗುಪ್ಪೆ ಹತ್ತಿರದ ಒಂದು ಕಲ್ಲು ಕೆತ್ತುವ ಶೆಡ್ಡಿಗೆ ಹೋಗಿದ್ದೆವು. ಕರಿಕಲ್ಲಿನ ಮೇಲೆ ಅಕ್ಷರ ಕೊರೆಯುವ ಅಲ್ಲಿನ ಮೆಷಿನ್ನನ್ನು ನಡೆಸುವ ಕಾರ್ಡು, ಅಂದರೆ ಅಂಗೈಯಗಲದ ಸರ್ಕ್ಯೂಟ್ ಹಲಗೆ, ಹಳೇ ಕಂಪ್ಯೂಟರಿನಲ್ಲಿ ಮಾತ್ರ ಕೂರುತ್ತದೆ. ಅದರ ಪಕ್ಕಕ್ಕೆ ಪ್ರಿಂಟರಿನದೊಂದು, ನೆಟ್‌ವರ್ಕಿನದೊಂದು ಕಾರ್ಡು ಸೇರಿಸಿದ ಮೇಲೆ ಮೆಷಿನ್ನು ಅರ್ಧ ಅಕ್ಷರಕ್ಕೇ ನಿಂತುಬಿಡುತ್ತಿತ್ತು.

"ಮೂರೂ ಒಂದೇ ನಂಬರಲ್ಲಿ ಕೂಗ್ತಾವೆ ಕಣಮ್ಮಿ. ಕೂಗ್ದೋರು ಯಾರು ಅಂತ ಕಂಪ್ಯೂಟರ್‌ಗೆ ಎಂಗೊತ್ತಾದದು?" ಅಂದ ಅಣ್ಣ.

"ನಮ್ಮನೆ ಥರ ಅನ್ನು."

"ನಮ್ಮನೇಲಿ ನಿಂದೊಂದೇ ಕೂಗು, ಬುಡು."

ಕಾರ್ಡುಗಳನ್ನೆಲ್ಲ ಕಳಚಿ ಒಂದೊಂದಾಗಿ ಹಾಕಿ ನೋಡುವುದು ಅವನ ಕ್ರಮ. ಯಾರಾದರೂ ಅವಸರಪಡಿಸಿದರೆ ಎದ್ದು ಟೀ ಕುಡಿಯಲು ಹೋಗುತ್ತಿದ್ದ. ಪ್ರತಿ ಕಾರ್ಡಿನ ಮೇಲೂ ಅಕ್ಕಿಕಾಳಿನಷ್ಟು ಕ್ಲಿಪ್ಪುಗಳಿರುತ್ತವೆ. ಚಿಮುಟದಲ್ಲಿ ಎತ್ತಿ ಪಕ್ಕದ ಲೋಹದ ಮುಳ್ಳಿಗೆ ಸಿಕ್ಕಿಸಿದರೆ ಆ ಕಾರ್ಡಿನ ನಂಬರು ಬದಲಾಗುತ್ತದೆ. ಮಧ್ಯಾಹ್ನಕ್ಕೆ ಮೂರೂ ಒಟ್ಟಿಗೆ ನಡೆದವು. ಯಾವುದಕ್ಕೆ ಯಾವ ನಂಬರು ಎಂದು ಕಂಪ್ಯೂಟರ್ ಡಬ್ಬದ ಮುಚ್ಚಳದ ಒಳಗೆ ಪೆನ್ಸಿಲಿನಲ್ಲಿ ಬರೆದ. ಮುಂದೆ ಬಿಚ್ಚುವವರು ಪರದಾಡಬಾರದಲ್ಲ. ತನ್ನ ಹೆಸರು ಮಾತ್ರ ಎಲ್ಲೂ ಬರೆಯುತ್ತಿರಲಿಲ್ಲ.

ಮಾರನೆ ಬೆಳಿಗ್ಗೆ ಅಂಗಡಿಯ ಶಟರ್ ಎತ್ತುವಾಗ ಎದೆ ಹಿಡಿದುಕೊಂಡು ಕುಸಿದ. ಚಾಮರಾಜನಗರದ ಆಸ್ಪತ್ರೆ ಸೇರುವಷ್ಟರಲ್ಲಿ ಹೋಗಿಬಿಟ್ಟಿದ್ದ.

ಆಯುಧಪೂಜೆ ಕಳೆದ ಎರಡು ದಿನಕ್ಕೆ ಶೆಡ್ಡಿನಿಂದ ಫೋನು ಬಂತು. ಮೆಷಿನ್ನು ನಡೆಯುತ್ತಿಲ್ಲ. ಹೋಗಿ ನೋಡಿದರೆ ಕಂಪ್ಯೂಟರಿಗೆ ವಿಭೂತಿ, ಕುಂಕುಮ, ಚೆಂಡುಹೂವಿನ ಹಾರ.

"ನಿಮ್ಮಣ್ಣ ಮುಟ್ಟಿದ್ದು ಕಣಕ್ಕ, ಅಂತ ಒಳಗೂ ಬಿಚ್ಚಿ ಒರೆಸ್ಬುಟ್ಟೊ," ಎಂದ ಅಲ್ಲಿನ ಹಿರಿಯ ಕೆಲಸಗಾರ. "ಮುಚ್ಚಳಕ್ಕೆ ಸೀಮೆಎಣ್ಣೆ ಆಕಿ ಉಜ್ಜಿವ್ನಿ. ನೋಡಿ, ಎಂಗ್ ಒಳೀತದೆ!"

ಕಾರ್ಡುಗಳಿಂದ ಕಳಚಿದ ಕ್ಲಿಪ್ಪುಗಳನ್ನು ವೀಳ್ಯದೆಲೆಯ ಮೇಲಿಟ್ಟು ಪೂಜೆ ಮಾಡಿದ್ದರು. ಮುಚ್ಚಳದ ಒಳಗೆ ಅಣ್ಣನ ಪೆನ್ಸಿಲಿನ ಒಂದು ಅಂಕಿಯೂ ಉಳಿದಿರಲಿಲ್ಲ.

ಇದು ಸರಿಹೋಗದಿದ್ದರೆ ಗುಜರಿಗೆ ಹಾಕಿ ಹೊಸ ಮೆಷಿನ್ನೇ ತರಿಸುತ್ತೇನೆ ಎಂದರು ಮಾಲೀಕರು. ಅಣ್ಣ ಕೊನೆಗೆ ಕೈಯಿಟ್ಟ ಕೆಲಸ ಅದು. ಅವನು ಬರೆದಿದ್ದ ನಂಬರು ನನಗೆ ನೆನಪಿರಲಿಲ್ಲ; ಎಲ್ಲ ಕಳಚಿ ಮೊದಲಿಂದ ಶುರುಮಾಡಿದೆ. ಅವನಾಗಿದ್ದರೆ ಮುಟ್ಟದೆ ಬಿಡುತ್ತಿದ್ದ ನಂಬರುಗಳನ್ನೆಲ್ಲ ನಾನು ಹಾಕಿ ನೋಡಿ ಸೋತೆ. ಅವನು ಒಂದು ಬೆಳಿಗ್ಗೆಯಲ್ಲಿ ತಮಾಷೆ ಮಾಡಿಕೊಂಡು ಮುಗಿಸಿದ್ದು ಎಂಥ ಕೆಲಸ ಎಂದು ಆಗ ಅರ್ಥವಾಯಿತು.

ಸಂಜೆಗೆ ಮೆಷಿನ್ನು ಪೂರ್ತಿ ಒಂದು ಸಾಲು ಕೊರೆಯಿತು. ನೆಟ್‌ವರ್ಕೂ ಬಂತು. ಗುಜರಿಯ ಮಾತು ನಿಂತಿದೆ. ಪ್ರಿಂಟರಿನ ಕಾರ್ಡು ಹಾಕಿದರೆ ಮಾತ್ರ ಎಲ್ಲ ಮತ್ತೆ ನಿಲ್ಲುತ್ತದೆ. ಆಮೇಲೆ ಎರಡು ಸಲ ಹೋಗಿಬಂದೆ. ಅದರ ನಂಬರು ಇನ್ನೂ ಸಿಕ್ಕಿಲ್ಲ.