ಬೇಲೂರು ಬಸ್ಸಿನಲ್ಲಿ ಬಿದ್ದ ವೋಟು

ನಾನು ಬಸ್ಸಿನಲ್ಲಿ ಮಾತಾಡುವವನಲ್ಲ. ಅರಸೀಕೆರೆಯಿಂದ ಬೇಲೂರಿಗೆ ಹೊರಟಿದ್ದೆ. ಪಕ್ಕದಲ್ಲಿ ಹೊಸದಾಗಿ ಮದುವೆಯಾದ ಗಂಡ ಹೆಂಡತಿ ಮೊಬೈಲಿಗಾಗಿ ಕಿತ್ತಾಡುತ್ತಿದ್ದರು. ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗಿನ ಅತ್ಯುತ್ತಮ ಆಟಗಾರನಿಗೆ ಅಭಿಮಾನಿಗಳು ಮೊಬೈಲಿನಲ್ಲೇ ವೋಟು ಹಾಕಬೇಕಂತೆ, ಒಂದು ಮೊಬೈಲಿಗೆ ಒಂದೇ. ಅವಳ ಮೊಬೈಲಿನಲ್ಲಿ ಚಾರ್ಜ್ ಇರಲಿಲ್ಲ. ಇಬ್ಬರಿಗೂ ಉಳಿದದ್ದು ಒಂದೇ ವೋಟು, ಸಮಯವೂ ಮುಗಿಯುತ್ತ ಬಂದಿತ್ತು.

"ಜಾಸ್ತಿ ಪಾಯಿಂಟ್ ಹೊಡ್ದೋನಿಗೇ ಹಾಕ್ಬೇಕು ಕಣೇ."

"ಅವನ ಕೈಗೆ ಬಾಲ್ ಕೊಟ್ಟೋರು ಯಾರ್ರೀ? ನಮ್ಮತ್ತೇನಾ?"

ಜಗಳ ಬಗೆಹರಿಯದೆ ಮೊಬೈಲು ನನ್ನ ಮುಂದೆ ಬಂತು. "ತಾತ, ನೀವೇ ನೋಡಿ ಹೇಳಿ."

ಬೇಡವೆನ್ನುತ್ತಲೇ ಆಟದ ವಿಡಿಯೊ ನೋಡಿದೆ. ಗಿಡ್ಡನೊಬ್ಬ ಎಡಕ್ಕೆ ನೋಡುತ್ತ ಚೆಂಡನ್ನು ಬಲಕ್ಕೆ ಎಸೆದ. ಎದುರಾಳಿಗಳೆಲ್ಲ ಎಡಕ್ಕೇ ಓಡಿದರು.

"ಇವನೇ! ಇವನಿಗೇ ಹಾಕಿ!" ಎಂದು ಕೂಗಿಬಿಟ್ಟೆ.

"ಅವ್ನು ಪಾಯಿಂಟೇ ಹೊಡ್ದಿಲ್ಲ, ತಾತ," ಎಂದ ಗಂಡ.

"ಇವನು ಆಡದಿದ್ದ ದಿನ ತಂಡ ಏನಾಯ್ತು?"

"ಸೋತ್ರು."

"ಮತ್ತಿನ್ನೇನು? ಒತ್ತಯ್ಯಾ!"

ಒತ್ತಿದ. ನೆಟ್‌ವರ್ಕ್ ಹೋಗಿತ್ತು. ಹಳೇಬೀಡು ದಾಟಿ ಏರು ಹತ್ತುವಾಗ ಬಂತು. ಇಳಿಜಾರಿನಲ್ಲಿ ಮತ್ತೆ ಹೋದರೆ ಮುಗಿಯಿತು. ಎದ್ದು ನಿಂತು, "ನಿಲ್ಸಪ್ಪಾ ಗಾಡೀನಾ!" ಎಂದು ಅರಚಿದೆ. ಬಸ್ಸು ಗಕ್ಕನೆ ನಿಂತಿತು.

ಕಂಡಕ್ಟರ್ ಓಡಿಬಂದ. "ಯಾರಿಗೇನಾಯ್ತು?"

"ವೋಟು ಹಾಕ್ಬೇಕು."

"ಇವತ್ತು ಯಾವ ಎಲೆಕ್ಷನ್ ಐತೆ ಯಜಮಾನ್ರೇ?"

ಅಷ್ಟರಲ್ಲಿ ವೋಟು ಬಿತ್ತು. ಹೆಂಡತಿ ಚಪ್ಪಾಳೆ ತಟ್ಟಿದಳು. ಸೋತ ಗಂಡನೂ ನಕ್ಕ. ನಾನಂತೂ ಬೇಲೂರು ಬರುವವರೆಗೂ ಸೀಟಿನಲ್ಲಿ ಸರಿಯಾಗಿ ಕೂರಲಿಲ್ಲ.

ಹೋದ ಸಲ ಪಂಚಾಯ್ತಿ ಚುನಾವಣೆಯಲ್ಲಿ ಬೂತು ನಮ್ಮ ಮನೆಯೆದುರಿನ ಶಾಲೆಯಲ್ಲೇ ಇತ್ತು. ಬಿಸಿಲು ಜಾಸ್ತಿಯೆಂದು ನಾನು ಹೋಗಿರಲಿಲ್ಲ.